ಮೇಷ್ಟ್ರಿಗೊಂದು ಹಾಳೆ

ಕನ್ನಡ ಸಂಘ ಅಂದ ತಕ್ಷಣ ನಮ್ಮ ಕಾಲೇಜಲ್ಲಿ ಎಲ್ಲರಿಗೂ ನೆನಪಾಗೋದು ನವೆಂಬರ್ ತಿಂಗಳು. ಬಾವುಟ, ಡೊಳ್ಳು, ಬಿಳಿ ಪಂಚೆ, ಒಂದು ಕ್ವಿಜ್, ಆಮೇಲೆ ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಫೋಟೋ. ಅದೆಲ್ಲ ಇರಲಿ, ಇರಬೇಕು ಕೂಡ. ಆದರೆ ಕಳೆದ ವರ್ಷ ನಮ್ಮ ಸಂಘ ಇನ್ನೊಂದು ಕೆಲಸ ಮಾಡಿತು. ಅದಕ್ಕೆ ವೇದಿಕೆ ಇರಲಿಲ್ಲ, ಮೈಕ್ ಇರಲಿಲ್ಲ, ಫೋಟೋ ತೆಗೆಯೋಕೆ ಅಂಥದ್ದೇನೂ ಇರಲಿಲ್ಲ. ಹೈಸ್ಕೂಲಿನಲ್ಲಿ ಬರವಣಿಗೆ ಕಲಿಸುವ ಕನ್ನಡ ಮೇಷ್ಟ್ರಿಗಾಗಿ ನಾವು ಹತ್ತು ಹಾಳೆ ತಯಾರು ಮಾಡಿದೆವು. ಅಷ್ಟೇ. "ಸರ್ಕ್ಯೂಟ್ ಬರೆಯೋ ಕೈಯಲ್ಲಿ ಇದೇನಪ್ಪಾ?" ಅಂತ ಹಾಸ್ಟೆಲ್ಲಲ್ಲಿ ಕೇಳಿದವರು ಬಹಳ ಜನ. ಈ ಲೇಖನ ಅವರಿಗೆ ಉತ್ತರ ಅಂತ ಇಟ್ಕೊಳ್ಳಿ.

ನಮ್ಮ ಕಾಲೇಜಿಗೆ ಹತ್ತಿರದಲ್ಲೇ ಒಂದು ಸರ್ಕಾರಿ ಪ್ರೌಢಶಾಲೆ ಇದೆ. ಸಂಘದವರು ಶನಿವಾರ ಅಲ್ಲಿ ಗಣಿತ, ವಿಜ್ಞಾನ ಹೇಳಿಕೊಡೋಕೆ ಹೋಗೋದು ಹಳೆ ರೂಢಿ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗೆ ಸೇರಿ ಅಲ್ಲಿರೋದು ಒಬ್ಬರೇ ಕನ್ನಡ ಮೇಷ್ಟ್ರು. ಮಕ್ಕಳು ಸುಮಾರು 120. ಒಂದು ದಿನ ಸ್ಟಾಫ್ ರೂಮಿನಲ್ಲಿ ಅವರು ಕೇಳಿದರು: "ನೀವೆಲ್ಲ ಲೆಕ್ಕ ಹೇಳಿಕೊಡ್ತೀರಿ. ಪ್ರಬಂಧ ಕಲಿಸೋಕೆ ನನಗೇನಾದ್ರೂ ಮಾಡಿಕೊಡ್ತೀರಾ?"

ಅವರ ಕಷ್ಟ ಏನು ಅಂತ ಅರ್ಥ ಆಗೋಕೆ ನಮಗೆ ಬಂದ ಲೆಕ್ಕವೇ ಸಾಕಾಯ್ತು. ಒಂದು ಪ್ರಬಂಧ ಗಮನ ಇಟ್ಟು ಓದಿ, ತಿದ್ದಿ, ಎರಡು ಮಾತು ಬರೆಯೋಕೆ 3 ನಿಮಿಷ ಅಂತ ಹಿಡಿಯಿರಿ. 120 ಮಕ್ಕಳಿಗೆ 360 ನಿಮಿಷ, ಅಂದ್ರೆ 6 ಗಂಟೆ. ಎಲ್ಲರೂ ಒಂದೇ ಒಂದು ಸಲ ಬರೆದರೆ ಆಗುವ ಕೆಲಸ ಇದು. ಪಾಠ, ವ್ಯಾಕರಣ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ಮುಗಿಸಿ ಆ 6 ಗಂಟೆ ಎಲ್ಲಿಂದ ಬರಬೇಕು? ಬರೋದಿಲ್ಲ. ಹಾಗಾಗಿ ಮಕ್ಕಳು ಬರೆಯೋದೇ ಇಲ್ಲ. ಗೈಡಿನಲ್ಲಿರೋದನ್ನ ಕಂಠಪಾಠ ಮಾಡ್ತಾರೆ.

ಆ ಗೈಡುಗಳು ನಿಮಗೂ ಗೊತ್ತು. ಗ್ರಂಥಾಲಯಗಳ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು, ದೂರದರ್ಶನದ ಸಾಧಕ ಬಾಧಕಗಳು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಈ ಮೂರು ತಲೆಬರಹಕ್ಕೆ ಅಡಿಗೆರೆ ಹಾಕಿದರೆ ಅರ್ಧ ಮಾರ್ಕ್ಸ್ ಗ್ಯಾರಂಟಿ ಅನ್ನೋ ನಂಬಿಕೆ. ಊರಲ್ಲಿ ಗ್ರಂಥಾಲಯವೇ ಇಲ್ಲದ ಹುಡುಗಿ ಅದರ ಮಹತ್ವವನ್ನು ಒಂದೂವರೆ ಪುಟ ಬರೀತಾಳೆ. ಒಂದಕ್ಷರವೂ ಅವಳದ್ದಲ್ಲ. ಕನ್ನಡದಲ್ಲಿ ಪ್ರಬಂಧ ಅನ್ನೋ ಪದಕ್ಕೆ ಎರಡು ಬಾಳು ಇದೆ ನೋಡಿ. ಒಂದು ಗೊರೂರು, ಎ.ಎನ್. ಮೂರ್ತಿರಾವ್ ಬರೆದದ್ದು. ಇನ್ನೊಂದು ಪರೀಕ್ಷೆಯಲ್ಲಿ ಬರೆಯೋದು. ಎರಡಕ್ಕೂ ಹೆಸರು ಬಿಟ್ಟರೆ ಬೇರೆ ನೆಂಟಸ್ತಿಕೆ ಇಲ್ಲ.

ಇದು ಹೈಸ್ಕೂಲಿಗೇ ಮುಗಿಯೋ ಕಥೆಯೂ ಅಲ್ಲ. ನಮ್ಮ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿ ಹಳೆ ಪ್ರಾಜೆಕ್ಟ್ ರಿಪೋರ್ಟ್‌ಗಳ ಒಂದು ಕಪಾಟಿದೆ. ಯಾವುದನ್ನಾದರೂ ತೆಗೆದು ಮೊದಲ ಸಾಲು ಓದಿ. "ಇಂದಿನ ಆಧುನಿಕ ಯುಗದಲ್ಲಿ" ಅನ್ನೋದೇ ಇಂಗ್ಲಿಷ್ ವೇಷದಲ್ಲಿ ಕೂತಿರುತ್ತೆ. ಎಂಟನೇ ಕ್ಲಾಸಿನ ಪೀಠಿಕೆ ಎಂಟನೇ ಸೆಮಿಸ್ಟರ್‌ವರೆಗೂ ನಮ್ಮ ಜೊತೆ ನಡೆದು ಬರುತ್ತೆ.

ಮೇಷ್ಟ್ರು ಕೇಳಿದ್ದು ಮಾತ್ರ ಬಹಳ ಸ್ಪಷ್ಟವಾಗಿತ್ತು. "ಬರೆಯೋದು ಹೇಗೆ ಅಂತ ಪುಸ್ತಕ ಬೇಡ, ಅಂಥವು ಕಪಾಟಲ್ಲಿವೆ. ಸೋಮವಾರ ಮೂರನೇ ಪಿರಿಯಡ್ಡಿಗೆ ಕ್ಲಾಸೊಳಗೆ ಕಾಲಿಟ್ಟ ಮೇಲೆ ನಾನೇನು ಮಾಡಲಿ, ಅದನ್ನ ಹೇಳಿ." ಇದಕ್ಕಿಂತ ಒಳ್ಳೆ ರಿಕ್ವೈರ್‌ಮೆಂಟ್ ಯಾವ ಕ್ಲೈಂಟೂ ಕೊಡಲಾರ. ನಾವು ಐದು ಜನ ಕೂತು ಅದನ್ನ ನಿಯಮಗಳಾಗಿ ಬರೆದುಕೊಂಡೆವು:

ಒಂದು ಪಾಠ ಅಂದ್ರೆ ಒಂದೇ ಹಾಳೆ, ಬೇಕಿದ್ದರೆ ಎರಡೂ ಬದಿ.
40 ನಿಮಿಷದ ಪಿರಿಯಡ್ಡಿನಲ್ಲಿ ಮುಗಿಯಬೇಕು.
ಕಪ್ಪುಹಲಗೆ, ಸೀಮೆಸುಣ್ಣ ಬಿಟ್ಟು ಬೇರೇನೂ ಬೇಕಾಗಬಾರದು.
ಜೂನ್‌ನಲ್ಲಿ ಹೊಸದಾಗಿ ಬಂದ ಅತಿಥಿ ಶಿಕ್ಷಕರು ಯಾರನ್ನೂ ಕೇಳದೆ ಓದಿ ಬಳಸುವಂತಿರಬೇಕು.
ಮೇಷ್ಟ್ರ ತಿದ್ದುವ ಹೊರೆ ಹೆಚ್ಚಾಗಬಾರದು.

ಕೊನೆಯ ನಿಯಮವೇ ಎಲ್ಲಕ್ಕಿಂತ ಗಟ್ಟಿ. ಬರವಣಿಗೆ ಕಲಿಸೋದರ ಬಗ್ಗೆ ಒಳ್ಳೊಳ್ಳೆ ವಿಚಾರ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ವಿಚಾರಗಳು ಕ್ಲಾಸಿನ ಬಾಗಿಲಲ್ಲೇ ಸತ್ತು ಹೋಗೋದು ಮೇಷ್ಟ್ರ ಸಮಯವನ್ನ ಯಾರೂ ಎಣಿಸದೇ ಇರೋದರಿಂದ. ಕಲಿಸುವವರ ದಿನ ಹೇಗಿದೆ ಅಂತ ನೋಡದೆ ಮಾಡಿದ ಸಾಮಗ್ರಿ, ಕರೆಂಟ್ ಇಲ್ಲದ ಊರಿಗೆ ಫ್ಯಾನ್ ದಾನ ಕೊಟ್ಟ ಹಾಗೆ.

ಮೊದಲ ಹಾಳೆಗೆ ದಾರಿ ತೋರಿಸಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ. ಅವರಪ್ಪ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡ್ತಾರೆ. ನಾನು ಎಲೆಕ್ಟ್ರಿಕಲ್ ಅಂತ ಗೊತ್ತಾದ ಕೂಡಲೇ ಅವನು ಮಾತು ಶುರು ಮಾಡಿದ. ಮೂರು ಫೇಸಲ್ಲಿ ಒಂದು ಹೋದರೂ ಮೋಟಾರ್ ಓಡ್ತಾನೇ ಇದ್ದರೆ ಹೇಗೆ ಸುಡುತ್ತೆ, ಸುಟ್ಟ ವಾರ್ನಿಷ್ ವಾಸನೆಯಲ್ಲೇ ಅವರಪ್ಪ ಹೇಗೆ ಕಂಡುಹಿಡೀತಾರೆ, ಹಳೇ ಸುರುಳಿ ಬಿಚ್ಚುವಾಗ ಸುತ್ತು ಎಣಿಸದೇ ಬಿಸಾಕಿದರೆ ಏನಾಗುತ್ತೆ, ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಅಪ್ಪನಿಗೆ ಎಷ್ಟು ಸಿಟ್ಟು ಬರುತ್ತೆ. ಹತ್ತು ನಿಮಿಷ ಬಿಡದೆ ಹೇಳಿದ. ನಮ್ಮ ಮಷೀನ್ಸ್ ಲ್ಯಾಬ್ ವೈವಾದಲ್ಲಿ ಅಷ್ಟು ಚೆನ್ನಾಗಿ ಉತ್ತರ ಕೊಟ್ಟವರು ಕಡಿಮೆ. "ಇದನ್ನೇ ಬರಿ" ಅಂದೆ. ಬರೆದ: "ಮೋಟಾರು ಬಹಳ ಉಪಯುಕ್ತವಾದ ಯಂತ್ರ. ಇದು ರೈತರಿಗೆ ಬಹಳ ಉಪಯೋಗವಾಗಿದೆ. ಇದರಿಂದ ಅನೇಕ ಉಪಯೋಗಗಳಿವೆ." ಮುಗೀತು.

ಅವನಿಗೆ ಹೇಳೋಕೆ ಇಲ್ಲ ಅಂತಲ್ಲ, ಭಾಷೆ ಇಲ್ಲ ಅಂತಲೂ ಅಲ್ಲ. ಅವನಿಗೆ ಗೊತ್ತಿರೋದು ಬರೆಯೋಕೆ ಯೋಗ್ಯವಾದ ವಿಷಯ ಅಂತ ಯಾರೂ ಅವನಿಗೆ ಹೇಳಿಲ್ಲ. ಪೆನ್ನು ಹಿಡಿದ ತಕ್ಷಣ ಅವನು ತನ್ನನ್ನ ಹೊರಗೆ ನಿಲ್ಲಿಸಿ ಗೈಡನ್ನ ಒಳಗೆ ಕರೀತಾನೆ.

ಹಾಗಾಗಿ ಮೊದಲ ಹಾಳೆಯ ಹೆಸರು "ನನಗೆ ಮಾತ್ರ ಗೊತ್ತಿರೋದು". ಅದರಲ್ಲಿ ಯಾವ ಗೈಡಿನಲ್ಲೂ ಉತ್ತರ ಸಿಗದ ಹನ್ನೆರಡು ಪ್ರಶ್ನೆಗಳಿವೆ. ನಿಮ್ಮ ಮನೆಯಲ್ಲಿ ಒಂದು ವಸ್ತು ಕೆಟ್ಟರೆ ಯಾರು, ಹೇಗೆ ರಿಪೇರಿ ಮಾಡ್ತಾರೆ? ನಿಮ್ಮ ಬೀದಿಯಲ್ಲಿ ಬೆಳಿಗ್ಗೆ ಮೊದಲು ಕೇಳೋ ಸದ್ದು ಯಾವುದು? ಅಡುಗೆ ಮನೆಯಲ್ಲಿ ನಿಮಗೆ ಬರುವ ಒಂದು ಕೆಲಸವನ್ನ, ಅದು ಬಾರದವರಿಗೆ ಹೇಳಿಕೊಡಿ. ಪಿರಿಯಡ್ಡಿನ ಹಂಚಿಕೆಯನ್ನೂ ಹಾಳೆಯಲ್ಲೇ ಬರೆದಿದ್ದೇವೆ. ಮೊದಲ 5 ನಿಮಿಷ ಪ್ರಶ್ನೆ ಆರಿಸಿಕೊಳ್ಳೋಕೆ. 10 ನಿಮಿಷ ಪಕ್ಕದವರಿಗೆ ಬಾಯಲ್ಲಿ ಹೇಳೋಕೆ. ಕೇಳಿದವರು ಎರಡು ಪ್ರಶ್ನೆ ಕೇಳಲೇಬೇಕು. ಆಮೇಲೆ 15 ನಿಮಿಷ ಬರೆಯೋಕೆ. ಉಳಿದ 10 ನಿಮಿಷದಲ್ಲಿ ಮೂರು ಜನ ಗಟ್ಟಿಯಾಗಿ ಓದೋದು. ಆವತ್ತು ಮೇಷ್ಟ್ರು ಏನನ್ನೂ ತಿದ್ದುವಂತಿಲ್ಲ. ಕೆಂಪು ಪೆನ್ನು ಜೇಬಲ್ಲೇ ಇರಬೇಕು ಅಂತ ಹಾಳೆಯ ತಲೆಯ ಮೇಲೇ ದಪ್ಪಕ್ಷರದಲ್ಲಿ ಹಾಕಿದ್ದೇವೆ.

ಮೂರನೇ ಹಾಳೆ ನನಗೆ ಬಹಳ ಇಷ್ಟವಾದದ್ದು. ಅದರಲ್ಲಿ ಮಾದರಿ ಪ್ರಬಂಧ ಇಲ್ಲ. ಒಂದೇ ಬರಹದ ಎರಡು ಕರಡುಗಳಿವೆ, ಅಕ್ಕಪಕ್ಕ. ಮೊದಲನೆಯದು ಹೀಗಿದೆ:

"ನಮ್ಮ ಊರಿನಲ್ಲಿ ಸಂತೆ ನಡೆಯುತ್ತದೆ. ಸಂತೆಗೆ ಅನೇಕ ಜನರು ಬರುತ್ತಾರೆ. ಸಂತೆಯಲ್ಲಿ ಅನೇಕ ವಸ್ತುಗಳು ಸಿಗುತ್ತವೆ. ಸಂತೆಯಿಂದ ಅನೇಕ ಉಪಯೋಗಗಳಿವೆ."

ಎರಡನೆಯದು:

"ಗುರುವಾರ ನಮ್ಮೂರ ಸಂತೆ. ಅಜ್ಜಿ ಬೆಳಗಿನ ಜಾವವೇ ಸೊಪ್ಪಿನ ಕಟ್ಟು ಕಟ್ಟಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚುತ್ತಾಳೆ. ಹನ್ನೊಂದು ಗಂಟೆಯಾದರೆ ಸೊಪ್ಪು ಬಾಡುತ್ತೆ. ಬಾಡಿದರೆ ಬೆಲೆ ಅರ್ಧ."

ಕೆಳಗೆ ಮೂರೇ ಪ್ರಶ್ನೆ. ಮೊದಲ ಕರಡಿನಲ್ಲಿ "ಅನೇಕ" ಎಷ್ಟು ಸಲ ಬಂದಿದೆ? ಎರಡನೆಯದರಲ್ಲಿ ಅದರ ಜಾಗಕ್ಕೆ ಏನೇನು ಬಂದಿದೆ? ಎರಡನೇ ಕರಡು ಓದಿದ ಮೇಲೆ ನಿಮಗೆ ಅಜ್ಜಿಯನ್ನ ಇನ್ನೇನು ಕೇಳಬೇಕು ಅನ್ನಿಸುತ್ತೆ? ಮೂರನೇ ಪ್ರಶ್ನೆ ಮುಖ್ಯ. ಎರಡನೇ ಕರಡೂ ಪೂರ್ತಿಯಾದದ್ದಲ್ಲ ಅಂತ ಮಕ್ಕಳಿಗೆ ಗೊತ್ತಾಗಬೇಕು. ಮಾದರಿ ಪ್ರಬಂಧದ ದೊಡ್ಡ ತೊಂದರೆಯೇ ಅದು, ಕಟ್ಟಿ ಮುಗಿದ ಮನೆಯನ್ನ ತೋರಿಸುತ್ತೆ. ಇಟ್ಟಿಗೆ ಹೇಗೆ ಜೋಡಿಸಿದರು ಅಂತ ತೋರಿಸಲ್ಲ. ಅಂದ ಹಾಗೆ ಈ ಎರಡೂ ಕರಡು ನಾವೇ ಬರೆದದ್ದು. ಶಾಲೆಯ ಮಕ್ಕಳ ಬರಹ ತೆಗೆದು "ಇದು ಕೆಟ್ಟದ್ದು" ಅಂತ ಅಚ್ಚು ಹಾಕೋದು ಸರಿಯಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆವು.

ಇದೇನೋ ಹೊಸ ಐಡಿಯಾ ಅಂತ ನಾವು ಬೀಗುವ ಹಾಗೂ ಇಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಕೃತಿ ಕವಿರಾಜಮಾರ್ಗ, 9ನೇ ಶತಮಾನದ್ದು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನದ್ದು. ಕ್ವಿಜ್‌ನಲ್ಲಿ ಈ ಉತ್ತರ ನಾವೆಲ್ಲ ಹೇಳಿದ್ದೇವೆ. ಆದರೆ ಅದು ಏನು ಪುಸ್ತಕ ಅಂತ ಯೋಚಿಸಿದ್ದೀರಾ? ಅದು ಬರೆಯೋದನ್ನ ಕಲಿಸುವ ಕೈಪಿಡಿ. ಅದರ ಮೊದಲ ಪರಿಚ್ಛೇದದ ಹೆಸರು ದೋಷಾದೋಷಾನುವರ್ಣನ ನಿರ್ಣಯ. ಅಲ್ಲಿ ದೋಷ ಇರುವ ಪದ್ಯವನ್ನ ಕೊಟ್ಟು, ಅದನ್ನೇ ತಿದ್ದಿ ಹೀಗೆ ಬರೆದರೆ ಸರಿ ಅಂತ ತೋರಿಸುವ ಕ್ರಮ ಇದೆ. ಅಂದ್ರೆ ಎರಡು ಕರಡು, ಅಕ್ಕಪಕ್ಕ! ಇನ್ನೊಂದು ಮಾತನ್ನೂ ಶ್ರೀವಿಜಯ ಹೇಳ್ತಾನೆ: ಕಣ್ಣಿಗೆ ತನ್ನದೇ ಕಾಡಿಗೆ ಕಾಣಿಸೋದಿಲ್ಲ, ಹಾಗೇ ಬರೆದವನಿಗೆ ತನ್ನ ದೋಷ ಕಾಣಿಸೋದಿಲ್ಲ, ಅದಕ್ಕೇ ಬರೆದದ್ದನ್ನ ಬೇರೆಯವರಿಂದ ಓದಿಸಬೇಕು. ಗಿಟ್‌ಹಬ್ಬಿನಲ್ಲಿ ಕೋಡ್ ರಿವ್ಯೂಗೆ ಹಾಕುವಾಗಲೆಲ್ಲ ನನಗೀಗ ಈ ಕಾಡಿಗೆ ನೆನಪಾಗುತ್ತೆ. ಪಕ್ಕದವರಿಗೆ ಓದಿಸುವ ನಾಲ್ಕನೇ ಹಾಳೆಗೆ "ಕಣ್ಣು, ಕಾಡಿಗೆ" ಅಂತಲೇ ಹೆಸರಿಟ್ಟಿದ್ದೇವೆ.

ಐದನೇ ಹಾಳೆ ತಪ್ಪುಗಳದ್ದು. ಇಲ್ಲಿ ಬಹಳ ಚರ್ಚೆ ಆಯ್ತು. ಮಕ್ಕಳ ನೋಟ್‌ಬುಕ್ ನೋಡಿದರೆ ಸಾಲಿಗೆ ಮೂರು ಕೆಂಪು ಗುರುತು. ಹಕ್ಕಿ ಅಕ್ಕಿ ಆಗಿರುತ್ತೆ, ಆಸೆ ಹಾಸೆ ಆಗಿರುತ್ತೆ. ಬೇರೆ ಕಡೆಯ ಮಕ್ಕಳಾದರೆ ಲ, ಳ ಅದಲು ಬದಲು. ಮಹಾಪ್ರಾಣಗಳ ಕಥೆಯಂತೂ ಕೇಳಲೇಬೇಡಿ, ಯಾಕಂದ್ರೆ ನಾವು ಮಾತಾಡುವಾಗ ಅವನ್ನ ಹೆಚ್ಚಾಗಿ ಬಳಸೋದೇ ಇಲ್ಲ. ಅಂದ್ರೆ ಇವು ಸೋಮಾರಿತನದ ತಪ್ಪಲ್ಲ. ಕಿವಿಗೆ ಕೇಳಿದ್ದನ್ನ ಮಗು ನಿಯತ್ತಾಗಿ ಬರೆದಿರುತ್ತೆ.

ಅಮೆರಿಕದಲ್ಲಿ ಮಿನಾ ಶಾನೆಸಿ ಅಂತ ಒಬ್ಬ ಮೇಷ್ಟರಮ್ಮ ಇದ್ದರು. ನ್ಯೂಯಾರ್ಕಿನ ಸಿಟಿ ಕಾಲೇಜು 1970ರಲ್ಲಿ ಎಲ್ಲರಿಗೂ ಬಾಗಿಲು ತೆರೆದಾಗ, ಅದುವರೆಗೆ ಹೆಚ್ಚು ಬರೆದೇ ಅಭ್ಯಾಸವಿಲ್ಲದ ಹುಡುಗ ಹುಡುಗಿಯರು ಬಂದು ಕೂತರು. ಆಕೆ ಅಂಥ ಸುಮಾರು 4000 ಬರಹಗಳನ್ನ ಕೂತು ಓದಿ 1977ರಲ್ಲಿ ಒಂದು ಪುಸ್ತಕ ಬರೆದರು. ಅದರ ಸಾರ ಇಷ್ಟು: ತಪ್ಪುಗಳಿಗೂ ಒಂದು ತರ್ಕ ಇರುತ್ತೆ, ಅದನ್ನ ಹಿಡಿಯದೆ ಸುಮ್ಮನೆ ಕೆಂಪು ಮಾಡಿದರೆ ಬರೆಯುವವರು ತಪ್ಪಾಗದಷ್ಟು ಮಾತ್ರ ಬರೆಯೋಕೆ ಶುರು ಮಾಡ್ತಾರೆ. ಡಿಬಗ್ ಮಾಡಿದವರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ. ಇಪ್ಪತ್ತು ಎರರ್ ಬಂದರೆ ಇಪ್ಪತ್ತು ಕಡೆ ತಿದ್ದೋದಿಲ್ಲ, ಎಲ್ಲಕ್ಕೂ ಮೂಲವಾದ ಒಂದನ್ನ ಹುಡುಕ್ತೀವಿ.

ಹಾಗಾಗಿ ಐದನೇ ಹಾಳೆಯ ನಿಯಮ: ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಈ ವಾರ ಅ, ಹ ಮಾತ್ರ. ಉಳಿದದ್ದು ಕಂಡರೂ ಕಾಣದ ಹಾಗೆ ಇರಬೇಕು. ಮೇಷ್ಟ್ರು ತಪ್ಪಾದ ಸಾಲಿನ ಅಂಚಿಗೆ ಒಂದು ಚುಕ್ಕಿ ಇಡ್ತಾರೆ ಅಷ್ಟೇ, ತಪ್ಪು ಎಲ್ಲಿದೆ ಅಂತ ಮಗುವೇ ಹುಡುಕಬೇಕು. 3 ನಿಮಿಷದ ಕೆಲಸ ಒಂದು ನಿಮಿಷಕ್ಕೆ ಇಳಿಯುತ್ತೆ. 6 ಗಂಟೆ 2 ಗಂಟೆ ಆಗುತ್ತೆ. ಮೇಷ್ಟ್ರ ಮುಖದಲ್ಲಿ ಮೊದಲ ಸಲ ನಗು ಕಂಡದ್ದು ಈ ಲೆಕ್ಕ ಹೇಳಿದಾಗ.

ಆಡುಮಾತಿನ ವಿಷಯಕ್ಕೆ ನಮ್ಮ ಐದು ಜನರಲ್ಲೇ ಜಗಳ ಆಯ್ತು. ಒಬ್ಬ ಕುಂದಾಪುರದವನು, ಒಬ್ಬಳು ಕಲಬುರಗಿಯವಳು, ಉಳಿದವರು ಈ ಕಡೆಯವರು. "ಮಕ್ಕಳು ಮಾತಾಡೋ ಹಾಗೇ ಬರೀಲಿ" ಅಂತ ಒಬ್ಬರು. "ಯಾರ ಮಾತಿನ ಹಾಗೆ?" ಅಂತ ಕಲಬುರಗಿಯವಳ ಪ್ರಶ್ನೆ. "ಪರೀಕ್ಷೆಲಿ ಮಾರ್ಕ್ಸ್ ಕಟ್ ಆದ್ರೆ ನೀವು ಬಂದು ಕೊಡ್ತೀರಾ?" ಅಂತ ಮೇಷ್ಟ್ರು. ಕೊನೆಗೆ ನಿಂತದ್ದು ಹೀಗೆ. ಮೊದಲ ಕರಡು ಮನೆಮಾತಿನಲ್ಲಿ, ಅದು ಯಾವ ಊರಿನದ್ದಾದರೂ ಸರಿ. ಎರಡನೇ ಕರಡಿನಲ್ಲಿ ಮಗುವೇ ಅದನ್ನ ಗ್ರಾಂಥಿಕಕ್ಕೆ ತಿರುಗಿಸಬೇಕು. ತಿರುಗಿಸುವಾಗ ಒಂದು ಎಚ್ಚರಿಕೆ: ಕ್ರಿಯಾಪದದ ರೂಪ ಬದಲಾಗಲಿ, ಪದ ಬದಲಾಗಬೇಕಿಲ್ಲ. "ಬಾಡುತ್ತೆ" ಇದ್ದದ್ದು "ಬಾಡುತ್ತದೆ" ಆಗಲಿ, "ತನ್ನ ತಾಜಾತನವನ್ನು ಕಳೆದುಕೊಳ್ಳುತ್ತದೆ" ಆಗೋದು ಬೇಡ. ಇದೇ ಹಾಳೆಯ ಹಿಂಬದಿಯಲ್ಲಿ "ಮಾಡಲಾಯಿತು" ಅನ್ನೋ ರೋಗಕ್ಕೂ ಮದ್ದಿದೆ. "ಗಿಡ ನೆಡಲಾಯಿತು" ಅಂತ ಕಂಡಲ್ಲೆಲ್ಲ "ಯಾರು ನೆಟ್ಟರು?" ಅಂತ ಕೇಳೋದು. ನಮ್ಮ ರಿಪೋರ್ಟ್ ಬರೆಯೋರಿಗೂ ಈ ಹಾಳೆ ಹಂಚಬೇಕು ಅಂತ ನನಗಿದೆ.

ತಯಾರಿಯ ತಾಂತ್ರಿಕ ವಿಷಯ ಸ್ವಲ್ಪ ಹೇಳ್ತೀನಿ, ಮುಂದೆ ಮಾಡುವವರಿಗೆ ಬೇಕಾಗುತ್ತೆ. ಊರಿನ ಡಿಟಿಪಿ ಅಂಗಡಿಯಲ್ಲಿ ಇರೋದು ಹಳೆ ಫಾಂಟು. ಅದರಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗಿ ಕಾಣುತ್ತೆ. ಬೇರೆ ಶಾಲೆಯವರು ತೆಗೆದುಕೊಂಡು ತಿದ್ದಬೇಕು ಅಂದ್ರೆ ಯೂನಿಕೋಡ್ ಆಗಿರಲೇಬೇಕು. ಅದಕ್ಕೆ ಪ್ರತಿ ಹಾಳೆಗೂ ಎರಡು ಫೈಲ್: ತಿದ್ದೋಕೆ ಯೂನಿಕೋಡ್ ಡಾಕ್ಯುಮೆಂಟ್, ಪ್ರಿಂಟ್ ಮಾಡೋಕೆ ಪಿಡಿಎಫ್. ಅಕ್ಷರದ ಗಾತ್ರ 14. ಬೂದು ಬಣ್ಣದ ಚೌಕಗಳು ಬೇಡ, ಯಾಕಂದ್ರೆ ಜೆರಾಕ್ಸಿನ ಜೆರಾಕ್ಸಿನಲ್ಲಿ ಅವು ಕಪ್ಪಾಗಿ ಅಕ್ಷರ ನುಂಗುತ್ತವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿದ್ದೇವೆ. ಯಾರು ಬೇಕಾದರೂ ಬದಲಾಯಿಸಿ ಹಂಚಬಹುದು, ಆದರೆ ಮೂಲ ಯಾರದ್ದು ಅಂತ ಹೇಳಬೇಕು ಮತ್ತು ಅವರೂ ಹಾಗೇ ಹಂಚೋಕೆ ಬಿಡಬೇಕು. ಸಂತೆ ಇಲ್ಲದ ಕರಾವಳಿಯ ಊರಿನ ಮೇಷ್ಟ್ರು ಸಂತೆ ತೆಗೆದು ಮೀನು ಮಾರ್ಕೆಟ್ ಹಾಕಿಕೊಳ್ಳಲಿ ಅನ್ನೋದೇ ಉದ್ದೇಶ.

ಎಂಟನೇ ಹಾಳೆ ಮಕ್ಕಳಿಗಲ್ಲ, ಮೇಷ್ಟ್ರಿಗೇ. ಮಕ್ಕಳು ಬರೆಯುವ ಹೊತ್ತಿಗೆ ಮೇಷ್ಟ್ರೂ ಕಪ್ಪುಹಲಗೆಯ ಮೇಲೆ ಬರೆಯಬೇಕು, ಅಳಿಸಬೇಕು, ಮತ್ತೆ ಬರೆಯಬೇಕು. 1974ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇಮ್ಸ್ ಗ್ರೇ ಶುರು ಮಾಡಿದ ಬರವಣಿಗೆ ಯೋಜನೆಯ ಬುನಾದಿಯೂ ಇದೇ, ಬರವಣಿಗೆ ಕಲಿಸುವವರು ತಾವೂ ಬರೆಯಬೇಕು, ಮೇಷ್ಟ್ರಿಗೆ ಮೇಷ್ಟ್ರೇ ಹೇಳಿಕೊಡಬೇಕು. ನಮ್ಮ ಮೇಷ್ಟ್ರು ಮೊದಲು ನಾಚಿಕೊಂಡರು. ಆಮೇಲೆ ಒಂದು ದಿನ ತಮ್ಮ ಮೊದಲ ಪೋಸ್ಟಿಂಗ್ ಬಗ್ಗೆ ಆರು ಸಾಲು ಬರೆದರು, ಮೂರನೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಎರಡು ಸಲ ಅಳಿಸಿದರು. ಇಡೀ ಕ್ಲಾಸು ಸುಮ್ಮನೆ ನೋಡ್ತಾ ಕೂತಿತ್ತು. "ಸಾರ್‌ಗೂ ಬರಲ್ವಾ?" ಅಂತ ಹಿಂದಿನ ಬೆಂಚಿಂದ ಒಂದು ದನಿ. "ಬರುತ್ತೆ ಕಣೋ, ಒಂದೇ ಸಲಕ್ಕೆ ಬರಲ್ಲ" ಅಂದರು. ಆ ಒಂದು ಮಾತನ್ನ ನಾವು ಹತ್ತು ಹಾಳೆಯಲ್ಲಿ ಹೇಳೋಕೆ ಒದ್ದಾಡ್ತಿದ್ದೆವು.

ಇದರಿಂದ ಏನಾಯ್ತು ಅಂತ ಕೇಳಿದರೆ ಗ್ರಾಫ್ ತೋರಿಸೋಕೆ ನನ್ನ ಹತ್ತಿರ ಇಲ್ಲ. ಮೋಟಾರಿನ ಹುಡುಗ ಎರಡೂವರೆ ಪುಟ ಬರೆದ. ಸುತ್ತು ಎಣಿಸುವಾಗ ಅಪ್ಪನ ತುಟಿ ಅಲ್ಲಾಡೋದನ್ನ ನೋಡಿ ತಾನೂ ಮನಸ್ಸಲ್ಲೇ ಎಣಿಸ್ತೀನಿ ಅಂತ ಅದರಲ್ಲಿ ಒಂದು ಸಾಲಿದೆ. ಹತ್ತನೇ ಕ್ಲಾಸಿನ ಪೋಷಕರು ಮಾತ್ರ "ಇದೆಲ್ಲ ಸರಿ, ಪರೀಕ್ಷೆಗೆ ಬರೋ ಪ್ರಬಂಧ ಯಾವಾಗ ಬರೆಸ್ತೀರಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಪರೀಕ್ಷೆಗೆ ಗ್ರಂಥಾಲಯವೇ ಬರಬಹುದು, ಮೋಟಾರ್ ಬರೋದಿಲ್ಲ. ಆ ಮಾರ್ಕ್ಸಿನ ಮೇಲೆ ಒಂದು ಮಗುವಿನ ಪಿಯುಸಿ ಸೀಟು ನಿಂತಿರುವಾಗ ನಮ್ಮ ಆದರ್ಶ ಅವರ ತಟ್ಟೆಗೆ ಬಡಿಸೋಕೆ ಆಗಲ್ಲ. ಅದಕ್ಕೆ ಒಂಬತ್ತನೇ ಹಾಳೆ ಪರೀಕ್ಷೆಯ ವಿಷಯವನ್ನೇ ತೆಗೆದುಕೊಂಡು, ಅದರೊಳಗೆ ನಿನ್ನದೇ ಆದ ಒಂದು ಸಂಗತಿ ಸೇರಿಸು ಅಂತ ಕೇಳುತ್ತೆ. ಗ್ರಂಥಾಲಯ ಇಲ್ಲದ ಊರಿನಲ್ಲಿ ಓದೋಕೆ ಏನು ಮಾಡ್ತೀರಿ, ಅದನ್ನ ಬರಿ. ಮೂರು ತಲೆಬರಹ ಇರಲಿ, ನಡುವೆ ನೀನೂ ಇರು. ಇದು ರಾಜಿ ಅಂತ ಗೊತ್ತು. ಕ್ಲಾಸಿನಲ್ಲಿ ಬದುಕುವ ಸಾಮಗ್ರಿ ಇಂಥ ರಾಜಿ ಮಾಡಿಕೊಂಡೇ ಬದುಕಬೇಕು.

ಈ ಸಲ ಮೇಷ್ಟ್ರ ಹೆಸರು ವರ್ಗಾವಣೆ ಪಟ್ಟಿಯಲ್ಲಿದೆಯಂತೆ. ನಮ್ಮ ಐದು ಜನರಲ್ಲಿ ನಾಲ್ಕು ಜನ ಮೇ ತಿಂಗಳಿಗೆ ಕಾಲೇಜು ಬಿಡ್ತೀವಿ. ಜೂನ್‌ನಲ್ಲಿ ಯಾರೋ ಹೊಸಬರು ಬರ್ತಾರೆ, ಕಪಾಟು ತೆಗೀತಾರೆ, ಒಂದು ನೀಲಿ ಫೈಲ್ ಸಿಗುತ್ತೆ. ಅದನ್ನ ಓದಿ ಸೋಮವಾರ ಮೂರನೇ ಪಿರಿಯಡ್ಡಿಗೆ ಕ್ಲಾಸಿಗೆ ಹೋಗೋಕೆ ಅವರಿಗೆ ಧೈರ್ಯ ಬಂದರೆ ನಮ್ಮ ಹಾಳೆ ಸರಿಯಾಗಿದೆ ಅಂತ ಅರ್ಥ. ಬರದಿದ್ದರೆ ಎಲ್ಲಿ ಅರ್ಥ ಆಗಲಿಲ್ಲ ಅಂತ ಹಾಳೆಯ ಅಂಚಿನಲ್ಲೇ ಬರೆಯೋಕೆ ಜಾಗ ಬಿಟ್ಟಿದ್ದೇವೆ.

ಎರಡನೇ, ಮೂರನೇ ವರ್ಷದ ಗೆಳೆಯರೇ, ಇನ್ನೂ ಎರಡು ಹಾಳೆ ಬಾಕಿ ಇವೆ. ಒಂದು ಪಂಚಾಯಿತಿಗೆ ಮನವಿ ಪತ್ರ, ನಿಜವಾಗಿ ಪೋಸ್ಟ್ ಮಾಡುವಂಥದ್ದು. ಇನ್ನೊಂದು ಗಾದೆ ವಿಸ್ತರಣೆ, "ಗಾದೆಗಳು ವೇದಗಳಿಗೆ ಸಮಾನ" ಅಂತ ಶುರುವಾಗದೇ ಇರುವಂಥದ್ದು. ಎರಡನೆಯದು ಬಹಳ ಕಷ್ಟ, ಮೊದಲೇ ಹೇಳಿಬಿಡ್ತೀನಿ. ಶನಿವಾರ ಹತ್ತು ಗಂಟೆಗೆ ಹಿಂದಿನ ಗೇಟಿನಿಂದ ಹೊರಡ್ತೀವಿ. ಲ್ಯಾಪ್‌ಟಾಪ್ ಬೇಡ, ಪೆನ್ನು ತನ್ನಿ. ಕೆಂಪು ಬಿಟ್ಟು ಯಾವ ಬಣ್ಣದ್ದಾದರೂ ನಡೆಯುತ್ತೆ.